ಅವರು ಹೇಳಿದ್ದು, ನಾನು ಹೇಳಿದ್ದು

ಬುಧವಾರ ಮಧ್ಯಾಹ್ನ ನಮ್ಮ ಯಜಮಾನರು ಮಗ್ಗ ಓಡುತ್ತಿರುವಾಗಲೇ ಕುಳಿತುಬಿಟ್ಟರು.

ಪವರ್‌ಲೂಮ್ ನೋಡಿಲ್ಲದವರಿಗೆ ಇದರಲ್ಲೇನು ಅನ್ನಿಸಬಹುದು. ಮಗ್ಗದವರು ಕೂರುವುದಿಲ್ಲ. ಮಗ್ಗಗಳ ನಡುವಿನ ಸಂದಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿರಬೇಕು. ಎಲ್ಲಿ ಎಳೆ ಹರಿಯಿತು, ಯಾವ ಲಾಳಿಯಲ್ಲಿ ನೂಲು ಮುಗಿಯಿತು ಎಂದು ಕಣ್ಣಿಟ್ಟಿರಬೇಕು. ನಾನು ಈ ಮನೆಗೆ ಬಂದು ಮೂವತ್ತಮೂರು ವರ್ಷವಾಯಿತು. ಅವರು ಹೀಗೆ ನೂಲಿನ ಮೂಟೆಯ ಮೇಲೆ ಕುಸಿದು ಕುಳಿತು, ಎರಡೂ ಕೈಯನ್ನು ಮೊಣಕಾಲಿಗೆ ಊರಿ, ಬಾಯಲ್ಲಿ ಉಸಿರಾಡಿದ್ದನ್ನು ಒಂದು ದಿನವೂ ನೋಡಿರಲಿಲ್ಲ.

ಮೂರು ದಿನದಿಂದ ಕೆಮ್ಮು ಇತ್ತು. ಮಗ್ಗದವರಿಗೆ ಕೆಮ್ಮು ಹೊಸದೇನಲ್ಲ. ಮೆಡಿಕಲ್ ಸ್ಟೋರಿನಲ್ಲಿ ಹೇಳಿ ನಾನೇ ಮಾತ್ರೆ ತಂದಿದ್ದೆ, ಕಷಾಯ ಮಾಡಿ ಕುಡಿಸಿದ್ದೆ, ಸ್ವಲ್ಪ ಬೈದೂ ಇದ್ದೆ. ಬೈಯುವುದರಲ್ಲಿ ನಾನು ಯಾವತ್ತೂ ಕೈ ಬಿಗಿ ಹಿಡಿದವಳಲ್ಲ. ಆದರೆ ಆ ದಿನ ಬೈಯಲು ಬಾಯಿ ಬರಲಿಲ್ಲ. ನಾಲ್ಕೂ ಮಗ್ಗ ಆಫ್ ಮಾಡಿದೆ. ಶೆಡ್ ಸುಮ್ಮನಾಯಿತು. ಆಗ ಅವರ ಉಸಿರಿನ ಸದ್ದು ಕೇಳಿಸಿತು.

ಆಸ್ಪತ್ರೆಗೆ ಬನ್ನಿ ಅಂದೆ. ನಾಳೆ ನೋಡೋಣ ಅಂದರು. ನಾನೂ ನಾಳೆಗೇ ಒಪ್ಪಿಕೊಂಡೆ.

ಮುಂದಿನದನ್ನು ಹೇಳುವ ಮೊದಲು ನಮ್ಮ ಮಾತಿನ ವಿಷಯ ಹೇಳಬೇಕು. ನಾಲ್ಕು ಮಗ್ಗ ಓಡುವ ಶೆಡ್ಡಿನಲ್ಲಿ ಎಷ್ಟು ಕೂಗಿದರೂ ಕೇಳುವುದಿಲ್ಲ. ಅದಕ್ಕೇ ಯಾರೂ ಕೂಗುವುದಿಲ್ಲ. ದನಿ ಇಲ್ಲದೆ ತುಟಿ ಆಡಿಸುತ್ತಾರೆ, ಎದುರಿನವರು ನೋಡಿ ತಿಳಿದುಕೊಳ್ಳುತ್ತಾರೆ. ನಾನು ಜಡಿಗೇನಹಳ್ಳಿ ಕಡೆಯ ಹೊಲಮನೆಯವಳು. ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದವಳು. ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಮೇಲೆ ಈ ತುಟಿಮಾತು ಕಲಿಯಲು ಆರು ತಿಂಗಳು ಬೇಕಾಯಿತು. ಕಲಿತ ಮೇಲೆ ನಮ್ಮಿಬ್ಬರ ಜಗಳ, ಸರಸ, ಮಗಳ ಮದುವೆಯ ಮಾತುಕತೆ ಎಲ್ಲವೂ ಮಗ್ಗಗಳ ಆಚೆ ಈಚೆ ನಿಂತು ದನಿಯಿಲ್ಲದೇ ನಡೆದವು. ವರ್ಷ ಕಳೆದಂತೆ ಅವರ ಕಿವಿ ಪೂರ್ತಿ ಮಂದವಾಯಿತು. ಮಷಿನ್ ಹಾಕಿಸಿಕೊಳ್ಳಿ ಅಂದರೆ ನಾಚಿಕೆ. ಮನೆಯಲ್ಲೂ, ಬಸ್ಸಿನಲ್ಲೂ ಬರೀ ತುಟಿ ಆಡಿಸುವುದೇ ಅಭ್ಯಾಸವಾಗಿಹೋಯಿತು.

ಹೊರಗಿನವರ ಹತ್ತಿರ ಅವರ ಪರವಾಗಿ ನಾನೇ ಮಾತಾಡುತ್ತಿದ್ದೆ. ಒಂದು ಸಲ ಬ್ಯಾಂಕಿನಲ್ಲಿ ಏನೋ ಕೇಳಿದಾಗ ಇವರು ಸುಮ್ಮನೆ ನಿಂತಿದ್ದಕ್ಕೆ, ಅಲ್ಲಿದ್ದ ಹುಡುಗಿ ಪಕ್ಕದವಳಿಗೆ ತಲೆಯ ಹತ್ತಿರ ಬೆರಳು ತಿರುಗಿಸಿ ತೋರಿಸಿದಳು. ಅದನ್ನು ಇವರು ನೋಡಿಬಿಟ್ಟರು. ಆವತ್ತಿನಿಂದ ಯಾರೇ ಇವರನ್ನು ಏನೇ ಕೇಳಲಿ, ಉತ್ತರ ನನ್ನ ಬಾಯಲ್ಲಿ ರೆಡಿ ಇರುತ್ತಿತ್ತು. ನಮ್ಮ ಬೀದಿಯಲ್ಲಿ ವಯಸ್ಸಾದ ಮಗ್ಗದವರ ಹೆಂಡತಿಯರೆಲ್ಲ ಹೀಗೇ. ಗಂಡನ ಮರ್ಯಾದೆ ಕಾಯುವ ಕೆಲಸ ಎಂದುಕೊಂಡೇ ಮಾಡುತ್ತೇವೆ.

ಗುರುವಾರ ಬೆಳಿಗ್ಗೆ ಆಟೋದಲ್ಲಿ ಕೂರಿಸಿಕೊಂಡು ಊರಿನದೇ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರ್ ಒಬ್ಬಳು ಹುಡುಗಿ, ನಮ್ಮ ಮಗಳು ಸುಧಾಗಿಂತ ಚಿಕ್ಕವಳು. ಬೆರಳಿಗೆ ಕ್ಲಿಪ್ ಹಾಕಿದಳು. ಆಕ್ಸಿಜನ್ ಕಮ್ಮಿ ಇದೆ ಅಂದಳು. ಬಿಪಿ ನೋಡಿದಳು. ಆಮೇಲೆ ಗಡಿಯಾರ ಹಿಡಿದು ಒಂದು ಪೂರ್ತಿ ನಿಮಿಷ ಅವರ ಎದೆಯನ್ನೇ ನೋಡುತ್ತಾ ನಿಂತಳು. ಉಸಿರು ಎಣಿಸುತ್ತಿದ್ದಾಳೆ ಎಂದು ನನಗೆ ತಿಳಿಯಲಿಲ್ಲ. ಇದೇನು ಸುಮ್ಮನೆ ನಿಂತಿದ್ದಾಳೆ ಎಂದು ಮನಸ್ಸಿನಲ್ಲೇ ಸಿಡುಕಿದೆ.

ಆಮೇಲೆ ಅವರ ಮುಖದ ಹತ್ತಿರ ಬಗ್ಗಿದಳು. ಬಾಯಿಗೆ ಮಾಸ್ಕ್ ಇತ್ತು.

“ಅಂಕಲ್, ಇವತ್ತು ಯಾವ ವಾರ? ಈಗ ಎಲ್ಲಿದೀರ ನೀವು?”

ಅವರು ಸುಮ್ಮನೆ ನೋಡುತ್ತಿದ್ದರು.

“ಅವ್ರಿಗೆ ಕಿವಿ ಕೇಳ್ಸಲ್ಲ ಡಾಕ್ಟ್ರೇ,” ಅಂದೆ. “ಮಗ್ಗದವ್ರು. ತುಟಿ ನೋಡಿ ಅರ್ಥ ಮಾಡ್ಕೊತಾರೆ. ನೀವು ಮಾಸ್ಕ್ ಬೇರೆ ಹಾಕಿದೀರ.”

“ಹೌದಾ? ಹಂಗಾದ್ರೆ ನೀವೇ ಕೇಳಿ ಅಮ್ಮ.”

ನಾನು ಎದುರಿಗೆ ನಿಂತು ಕೇಳಿದೆ. ಇವತ್ತು ಯಾವ ವಾರ ರೀ? ಅವರು ನನ್ನ ತುಟಿ ನೋಡಿದರು. ಎಷ್ಟೋ ಹೊತ್ತು ನೋಡಿದರು. ಆಮೇಲೆ ಅವರ ತುಟಿ ಆಡಿತು. ದನಿ ಇರಲಿಲ್ಲ.

ಬೀಮ್ ಕಟ್ಟಬೇಕು, ಅಂದರು. ಹಾಸಿನ ನೂಲು ಸುತ್ತಿದ ಉರುಳೆಯನ್ನು ಮಗ್ಗಕ್ಕೆ ಏರಿಸುವ ಮಾತು.

“ಏನಂದ್ರು?” ಅಂದಳು ಡಾಕ್ಟರ್.

“ಗುರುವಾರ ಅಂತಿದಾರೆ,” ಅಂದೆ.

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ನನ್ನನ್ನು ನಾನೇ ನೂರು ಸಲ ಕೇಳಿಕೊಂಡಿದ್ದೇನೆ. ಯೋಚನೆ ಮಾಡಿ ಹೇಳಿದ ಸುಳ್ಳು ಅಲ್ಲ. ಆ ಹುಡುಗಿ ಇವರನ್ನು ಬುದ್ಧಿ ಸರಿ ಇಲ್ಲದವರು ಎಂದು ಬರೆದುಕೊಳ್ಳಬಾರದು ಅನ್ನಿಸಿತು, ಅಷ್ಟೇ. ನಾಲಿಗೆ ತನ್ನ ಪಾಡಿಗೆ ತಾನು ಅಭ್ಯಾಸದ ಕೆಲಸ ಮಾಡಿ ಮುಗಿಸಿತ್ತು. “ಎಲ್ಲಿದೀನಿ ಅಂತ ಗೊತ್ತಾ ಅವ್ರಿಗೆ?” ಎಂದು ಕೇಳಿದಳು. ಅದಕ್ಕೆ ನಾನು ಅವರನ್ನು ಕೇಳಲೇ ಇಲ್ಲ. “ಆಸ್ಪತ್ರೆ ಅಂತ ಗೊತ್ತು, ಬರಲ್ಲ ಅಂತ ಹಟ ಮಾಡ್ತಿದ್ರು,” ಅಂದುಬಿಟ್ಟೆ. ಅವಳು ಫೈಲಿನಲ್ಲಿ ಏನೋ ಗುರುತು ಹಾಕಿದಳು. ಎಕ್ಸ್‌ರೇ ಬಂತು. ಬಲಗಡೆ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ. ರಕ್ತದ ರಿಪೋರ್ಟ್ ಬಂತು. ಎಲ್ಲ ನೋಡಿ ವಾರ್ಡಿಗೆ ಅಡ್ಮಿಟ್ ಮಾಡಿದರು. ಐಸಿಯು ಬೇಡವಂತೆ ಎಂದು ನಾನು ಉಸಿರು ಬಿಟ್ಟೆ.

ಸುಧಾ ಫೋನ್ ಮಾಡಿದಳು. ಇರುವವಳು ಒಬ್ಬಳೇ ಮಗಳು. ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಅವಳಿಗೂ ಅಳಿಯನಿಗೂ ಕೆಲಸ, ಹೊಸಕೋಟೆಯಲ್ಲಿ ಮನೆ. ಅವಳು ಬಸುರಿ, ಎಂಟು ತಿಂಗಳು ತುಂಬಿತ್ತು, ಡಾಕ್ಟರು ಮಲಗಿಯೇ ಇರಬೇಕು ಎಂದಿದ್ದರು. “ಬರೀ ಜ್ವರ ಕಣೆ, ಡ್ರಿಪ್ ಹಾಕಿದಾರೆ, ನಾಳಿದ್ದು ಕಳಿಸ್ತಾರೆ,” ಅಂದೆ. ಅವಳು ನಂಬಿದಳು. ಫೋನಿಟ್ಟು ನೋಡಿದರೆ ಇವರು ಗೋಡೆಯ ಕಡೆ ತಿರುಗಿ ಬೆರಳಲ್ಲಿ ಬೆಡ್‌ಶೀಟಿನ ಅಂಚನ್ನು ಒಂದೊಂದೇ ಎಳೆ ಬಿಡಿಸುವ ಹಾಗೆ ಕೀಳುತ್ತಿದ್ದರು. ತೋಳು ಮುಟ್ಟಿ ಕರೆದೆ. ತಿರುಗಲಿಲ್ಲ.

ನಿದ್ದೆಗಣ್ಣು ಎಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ನರ್ಸ್ ಬಿಪಿ ನೋಡಲು ಬಂದವಳು ಇನ್ನೊಂದು ಸಲ ನೋಡಿದಳು. ಮೂರನೇ ಸಲ ನೋಡಿದಳು. ಆಮೇಲೆ ಓಡಿದಳು. ಐದು ನಿಮಿಷದಲ್ಲಿ ಮಂಚದ ಸುತ್ತ ಜನ. ಯಾರೋ ನನ್ನ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿದರು. ಮಂಚಕ್ಕೆ ಗಾಲಿ ಇದೆ ಎಂದು ನನಗೆ ಗೊತ್ತಾದದ್ದೇ ಆಗ.

ಐಸಿಯು ಬಾಗಿಲು ಮುಚ್ಚಿತು.

ಒಂದು ಗಂಟೆಯ ಮೇಲೆ ದೊಡ್ಡ ಡಾಕ್ಟರು ಹೊರಗೆ ಬಂದರು. ಐವತ್ತರ ಆಸುಪಾಸಿನವರು, ಮೆತ್ತಗೆ ಮಾತಾಡುವವರು. ಉಸಿರು ನಿಮಿಷಕ್ಕೆ ಮೂವತ್ತಾರು ಆಗಿದೆ, ಬಿಪಿ ಬಿದ್ದಿದೆ, ಮಾಸ್ಕಿನಿಂದ ಗಾಳಿ ಒತ್ತಿ ಕೊಡುವ ಬೈಪ್ಯಾಪ್ ಹಾಕಿದ್ದೇವೆ, ಅದಕ್ಕೂ ಬಗ್ಗದಿದ್ದರೆ ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಹಾಕಬೇಕಾಗುತ್ತದೆ ಅಂದರು. ಸಹಿ ಕೇಳಿದರು. ಬೇರೆ ಯಾರೂ ಬಂದಿಲ್ಲವಾ ಅಂದರು. ಇಲ್ಲ ಅಂದೆ. ಸಹಿ ಹಾಕಿದೆ. ಅದು ನನ್ನ ಸಹಿಯ ಹಾಗೇ ಇರಲಿಲ್ಲ.

“ಇಷ್ಟು ಬೇಗ ಹೀಗಾಗುತ್ತೆ ಅಂತ ನಾವೂ ಅಂದ್ಕೊಂಡಿರ್ಲಿಲ್ಲ ಅಮ್ಮ,” ಅಂದರು. “ನ್ಯುಮೋನಿಯಾ ಬಂದವ್ರೆಲ್ಲ ಐಸಿಯುಗೆ ಬರಲ್ಲ. ಯಾರು ಬರಬೋದು ಅಂತ ಮೊದ್ಲೇ ಅಂದಾಜು ಮಾಡಕ್ಕೆ ಐದು ವಿಷಯ ನೋಡ್ತೀವಿ. ವಯಸ್ಸು, ಬಿಪಿ, ಉಸಿರಿನ ಲೆಕ್ಕ, ರಕ್ತದಲ್ಲಿ ಯೂರಿಯಾ, ಆಮೇಲೆ ಮಾತು ಸರಿ ಇದೆಯಾ ಗೊಂದಲ ಇದೆಯಾ ಅಂತ. ಒಂದೊಂದಕ್ಕೆ ಒಂದೊಂದು ಅಂಕ. ನಿಮ್ಮವ್ರಿಗೆ ಯೂರಿಯಾ ಒಂದೇ ಜಾಸ್ತಿ ಇದ್ದಿದ್ದು. ಒಂದೇ ಅಂಕ ಬಂತು. ಆಕ್ಸಿಜನ್ನೂ ಸ್ವಲ್ಪ ಕೊಟ್ಟಿದ್ದಕ್ಕೇ ಏರ್ತು. ಅದಕ್ಕೇ ವಾರ್ಡ್ ಸಾಕು ಅಂದ್ವಿ.”

ಫೈಲನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಐದು ಸಾಲು. ಮೊದಲನೇ ಸಾಲು ಗೊಂದಲದ್ದು, ಅದರ ಮುಂದೆ ಸೊನ್ನೆ. ಅದು ನಾನು ಹಾಕಿಸಿದ ಸೊನ್ನೆ.

ತಲೆ ಆಡಿಸಿದೆ. ಅವರು ಒಳಗೆ ಹೋದರು.

ಐಸಿಯು ಹೊರಗಿನ ಕಬ್ಬಿಣದ ಕುರ್ಚಿಯ ಮೇಲೆ ಎರಡು ದಿನ ಕೂತೆ. ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ, ಸಂಜೆ ಐದಕ್ಕೆ ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ಉಳಿದ ಹೊತ್ತೆಲ್ಲ ನಾನು ಮತ್ತು ಆ ಸೊನ್ನೆ. ಪಕ್ಕದ ಮನೆಯವಳು ಬುತ್ತಿ ತಂದುಕೊಟ್ಟು ಅರ್ಧ ಗಂಟೆ ಕೂತಳು. ಧೈರ್ಯವಾಗಿರಿ ಅಂದಳು. ಇರುತ್ತೀನಿ ಅಂದೆ. ಅವಳ ಹತ್ತಿರ ಹೇಳಿಕೊಳ್ಳಬಹುದಿತ್ತು. ಅವಳ ಗಂಡನೂ ಮಗ್ಗದವನೇ, ಅರ್ಥವಾಗುತ್ತಿತ್ತು. ಆದರೆ ಅಯ್ಯೋ ಪಾಪ ಅಂದುಬಿಡುತ್ತಿದ್ದಳು, ಅದು ನನಗೆ ಬೇಕಿರಲಿಲ್ಲ. ಬೀದಿಯವರೆಲ್ಲ ನನ್ನನ್ನು ಬಾಯಿಬಡುಕಿ ಅನ್ನುತ್ತಾರೆ, ನನಗೆ ಗೊತ್ತು. ಅಂಥವಳು ಎರಡು ದಿನ ಎರಡು ವಾಕ್ಯಕ್ಕಿಂತ ಹೆಚ್ಚು ಆಡಲಿಲ್ಲ. ಮೂವತ್ತಮೂರು ವರ್ಷ ನಾನು ಮಾತಾಡಿದ್ದೆಲ್ಲ ಒಬ್ಬರ ಮುಖ ನೋಡಿಕೊಂಡು. ಆ ಮುಖ ಈಗ ಬಾಗಿಲಿನ ಆ ಕಡೆ ಇತ್ತು. ಇಡೀ ಊರಿನಲ್ಲಿ ನನ್ನ ಭಾಷೆ ಗೊತ್ತಿರುವವರು ಇನ್ನು ಯಾರೂ ಇಲ್ಲವೇನೋ ಅನ್ನಿಸುತ್ತಿತ್ತು.

ಒಳಗೆ ಹೋದರೆ ಅದಕ್ಕಿಂತ ಕಷ್ಟ. ಬೈಪ್ಯಾಪ್ ಮಾಸ್ಕ್ ಅವರ ಮೂಗು ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚಿತ್ತು. ಪಾರದರ್ಶಕವೇನೋ ಹೌದು, ಆದರೆ ಒಳಗೆಲ್ಲ ಆವಿ. ಆ ಆವಿಯ ಹಿಂದೆ ತುಟಿ ಆಡುವುದು ಕಾಣುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ನರ್ಸುಗಳಿಗೂ ಮಾಸ್ಕ್, ಡಾಕ್ಟರಿಗೂ ಮಾಸ್ಕ್, ನನಗೂ ಒಂದು ಕೊಟ್ಟಿದ್ದರು. ಆ ಕೋಣೆಯಲ್ಲಿ ಅವರಿಗೆ ನೋಡಲು ಒಂದೇ ಒಂದು ಬಾಯಿ ಇರಲಿಲ್ಲ. ನಾನು ನನ್ನ ಮಾಸ್ಕ್ ಕೆಳಗೆ ಎಳೆದೆ. ನರ್ಸ್ ಗದರಿದಳು. “ತುಂಬಾ ಗಲಾಟೆ ಮಾಡ್ತಾರಮ್ಮ, ಮಾಸ್ಕ್ ಕಿತ್ತಾಕ್ತಾರೆ, ಅದಕ್ಕೇ ಕೈ ಕಟ್ಟಿದೀವಿ, ಬೇಜಾರು ಮಾಡ್ಕೋಬೇಡಿ,” ಅಂದಳು. ಬಟ್ಟೆಯಲ್ಲಿ ಮೆತ್ತಗೆ ಕಟ್ಟಿದ್ದರು. ಆ ಕೈ ನೋಡಿ ಹೊರಗೆ ಬಂದು ಅತ್ತೆ.

ಶನಿವಾರ ಸಂಜೆ ಐದಕ್ಕೆ ಹೋದಾಗ ದೊಡ್ಡ ಡಾಕ್ಟರೂ ಡ್ಯೂಟಿ ಡಾಕ್ಟರ್ ಹುಡುಗಿಯೂ ಮಂಚದ ಹತ್ತಿರವೇ ಇದ್ದರು. ಬಾಯಿ ಒದ್ದೆ ಮಾಡಲು ಒಂದೆರಡು ನಿಮಿಷ ಮಾಸ್ಕ್ ತೆಗೆದಿದ್ದರು. “ಒಳ್ಳೆ ಟೈಮಿಗೆ ಬಂದ್ರಿ,” ಅಂದರು ದೊಡ್ಡ ಡಾಕ್ಟರು. “ಏನೋ ಹೇಳ್ತಾನೇ ಇದಾರೆ, ನಮಗೆ ಗೊತ್ತಾಗ್ತಿಲ್ಲ. ಗೊಂದಲ ಕಮ್ಮಿ ಆಗ್ತಿದೆಯಾ ಜಾಸ್ತಿ ಆಗ್ತಿದೆಯಾ ತಿಳೀಬೇಕು. ಅದರ ಮೇಲೆ ಟ್ಯೂಬ್ ಹಾಕೋದಾ ಬೇಡ್ವಾ ನೋಡ್ಬೇಕು. ಸ್ವಲ್ಪ ನೋಡಿ ಹೇಳಿ.”

ನಾನು ಮಾಸ್ಕ್ ಇಳಿಸಿ ಅವರ ಕಣ್ಣೆದುರಿಗೆ ನಿಂತೆ. ಹೆಂಗಿದೀರ ರೀ? ಅಂದೆ. ಅವರು ನನ್ನ ಮುಖವನ್ನೆಲ್ಲ ನೋಡಿದರು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನಿಧಾನವಾಗಿ ಆಡಿತು. ನನಗೆ ಸ್ಪಷ್ಟವಾಗಿ ಕಂಡಿತು.

ನೀನು ಯಾರಮ್ಮ?

“ಏನಂತೆ?” ಅಂದರು ಡಾಕ್ಟರು.

ನೀರು ಬೇಕಂತೆ. ಅದು ನಾಲಿಗೆಯ ತುದಿಯಲ್ಲಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಕೋಣೆಯಲ್ಲಿ ನನ್ನೊಬ್ಬಳನ್ನು ಬಿಟ್ಟು ಅದನ್ನು ಓದಬಲ್ಲವರು ಇರಲಿಲ್ಲ.

“ನಾನು ಯಾರು ಅಂತ ಕೇಳ್ತಿದಾರೆ,” ಅಂದೆ.

ಹೇಳಿದ್ದೇ ಕಟ್ಟೆ ಒಡೆಯಿತು. “ಗುರುವಾರಾನೂ ಹಿಂಗೇ ಇತ್ತು ಡಾಕ್ಟ್ರೇ. ಯಾವ ವಾರ ಅಂದ್ರೆ ಬೀಮ್ ಕಟ್ಬೇಕು ಅಂದ್ರು. ನಾನು ಗುರುವಾರ ಅಂದ್ರು ಅಂತ ಹೇಳ್ಬಿಟ್ಟೆ. ಇನ್ನೊಂದು ಪ್ರಶ್ನೆ ಕೇಳ್ಲೇ ಇಲ್ಲ. ಈ ಹುಡುಗಿದು ಏನೂ ತಪ್ಪಿಲ್ಲ, ಇವಳು ಸರಿಯಾಗೇ ಕೇಳಿದ್ಲು. ಆ ಸೊನ್ನೆ ನಂದು.”

ಮಾನಿಟರ್ ಒಂದೇ ಸದ್ದು ಮಾಡುತ್ತಿತ್ತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ದೊಡ್ಡ ಡಾಕ್ಟರಿಗೆ ಸಿಟ್ಟು ಬಂತು, ಕಣ್ಣಿನಲ್ಲಿ ಕಂಡಿತು. ಬಂದದ್ದೇ ಒಳ್ಳೆಯದಾಯಿತು. ಸಮಾಧಾನ ಹೇಳಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ.

“ಹೇಳಿದ್ರೆ ಎರಡು ಅಂಕ ಆಗ್ತಿತ್ತು. ಐಸಿಯು ಪಕ್ಕದ ರೂಮಲ್ಲಿ ಮಾನಿಟರ್ ಹಾಕಿ ಇಟ್ಕೊತಿದ್ವಿ,” ಅಂದರು. “ಆದ್ರೆ ಹಂಗೆ ಇಟ್ಕೊಂಡಿದ್ರೆ ಹಿಂಗಾಗ್ತಿರ್ಲಿಲ್ಲ ಅಂತ ನಾನು ಹೇಳಕ್ಕಾಗಲ್ಲ ಅಮ್ಮ. ಒಂದೋ ಎರಡೋ ಗಂಟೆ ಮುಂಚೆ ಗೊತ್ತಾಗ್ತಿತ್ತೇನೋ. ಅಂಕ ಕಮ್ಮಿ ಇದ್ದವ್ರೂ ಕೆಡ್ತಾರೆ, ಜಾಸ್ತಿ ಇದ್ದವ್ರೂ ನಡ್ಕೊಂಡು ಮನೆಗೆ ಹೋಗ್ತಾರೆ. ಇವತ್ತಿಂದ ಒಂದು ಕೆಲಸ ಮಾಡಿ. ಅವ್ರು ಹೇಳಿದ್ದನ್ನ ಹೇಳಿದ ಹಾಗೇ ಹೇಳಿ. ಚೆನ್ನಾಗಿರ್ಲಿ, ಕೆಟ್ಟದಾಗಿರ್ಲಿ.”

ಟ್ಯೂಬ್ ಹಾಕುವುದನ್ನು ಭಾನುವಾರ ಬೆಳಗಿನ ತನಕ ತಡೆದು ನೋಡುತ್ತೇವೆ ಅಂದರು. ನನಗೆ ಹತ್ತು ನಿಮಿಷದ ಬದಲು ಯಾವಾಗ ಕರೆದರೂ ಒಳಗೆ ಬರುವ ಅನುಮತಿ ಸಿಕ್ಕಿತು.

ಹೇಳಿದ ಹಾಗೇ ಹೇಳುವುದು ನನಗೆ ಗೊತ್ತಿದ್ದ ಕೆಲಸವಲ್ಲ. ಮಾಸ್ಕ್ ಇಳಿಸಿದಾಗಲೆಲ್ಲ ಇವರು ಏನಾದರೂ ಹೇಳುತ್ತಿದ್ದರು. ಸತ್ತು ಹನ್ನೆರಡು ವರ್ಷವಾದ ಅಣ್ಣನನ್ನು ಕರೆದರು. ಹೇಳಿದೆ. ಕಿಟಕಿಯೇ ಇಲ್ಲದ ಗೋಡೆಯಲ್ಲಿ ಬೆಕ್ಕು ಕೂತಿದೆ ಅಂದರು. ಹೇಳಿದೆ. ನನ್ನನ್ನು ಕೆಟ್ಟ ಮಾತಿನಲ್ಲಿ ಬೈದರು, ಮದುವೆಯಾದಾಗಿನಿಂದ ಆಡದ ಮಾತು. ಅದನ್ನೂ ಹೇಳಿದೆ, ತಲೆ ತಗ್ಗಿಸಿಕೊಂಡು. ಹುಡುಗಿ ಬರೆದುಕೊಂಡಳು. ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಇಷ್ಟು ವರ್ಷ ನಾನು ಬಚ್ಚಿಟ್ಟು ಕಾಯ್ದ ಮರ್ಯಾದೆಗೆ ಅಲ್ಲಿ ಏನೂ ಆಗಲಿಲ್ಲ.

ಸುಧಾಗೂ ಫೋನ್ ಮಾಡಿ ನಿಜ ಹೇಳಿದೆ. ಅವಳು ಮೊದಲು ಅತ್ತಳು, ಆಮೇಲೆ ರೇಗಿದಳು. “ನಮ್ಮಪ್ಪನ ವಿಷ್ಯ ನಂಗೂ ನಿನ್ ಬಾಯಲ್ಲೇ ತಿದ್ದಿ ತಿದ್ದಿ ಹೇಳ್ತೀಯಲ್ಲಮ್ಮ ನೀನು!” ಅಂದಳು.

ಭಾನುವಾರ ಉಸಿರು ಇಪ್ಪತ್ತೆಂಟಕ್ಕೆ ಇಳಿಯಿತು. ಟ್ಯೂಬ್ ಬೇಡ ಅಂದರು. ಸೋಮವಾರ ಕೈ ಬಿಚ್ಚಿದರು. ಮಂಗಳವಾರ ಆ ಹುಡುಗಿ ಒಂದು ಉಪಾಯ ಮಾಡಿದಳು. ಐಸಿಯು ಗಾಜಿನ ಬಾಗಿಲಿನ ಹೊರಗೆ ನಿಂತು, ತನ್ನ ಮಾಸ್ಕ್ ಇಳಿಸಿ, ಗಾಜಿನ ಮೂಲಕ ದೊಡ್ಡದಾಗಿ ಬಾಯಿ ಬಿಟ್ಟು ಕೇಳಿದಳು. ಅಂಕಲ್, ಇವತ್ತು ಯಾವ ವಾರ? ಅವರು ಸಣ್ಣ ಆಕ್ಸಿಜನ್ ಕೊಳವೆಯಲ್ಲಿದ್ದರು, ತುಟಿ ಕಾಣುತ್ತಿತ್ತು. ಸೋಮವಾರ ಇರ್ಬೇಕು, ಅಂದರು. ಆಮೇಲೆ ನನ್ನ ಕಡೆ ತಿರುಗಿ, ಆ ಹುಡುಗಿ ಯಾಕೆ ಹೊರಗೆ ನಿಂತಿದ್ದಾಳೆ, ಒಳಗೆ ಕರಿ, ಅಂದರು.

ಎರಡನ್ನೂ ಇದ್ದ ಹಾಗೇ ಹೇಳಿದೆ. “ಐದು ದಿನ ಇಲ್ಲಿದ್ರೆ ನಂಗೂ ವಾರ ಗೊತ್ತಾಗಲ್ಲ,” ಎಂದು ದೊಡ್ಡ ಡಾಕ್ಟರು ನಕ್ಕುಬಿಟ್ಟರು.

ಮುಂದಿನ ವಾರ ಮನೆಗೆ ಬಂದೆವು. ಒಂದು ಬೆಳಿಗ್ಗೆ ಅವರನ್ನು ಜಗಲಿಯ ಬಿಸಿಲಿಗೆ ಕೂರಿಸಿ, ಎದುರಿಗೆ ಕೂತು, ನಾನು ಮಾಡಿದ್ದನ್ನೆಲ್ಲ ಹೇಳಿದೆ. ಅದಕ್ಕೆ ಮೊದಲು ಎಷ್ಟೋ ಸಲ ಅವರ ಬೆನ್ನ ಹಿಂದೆ ನಿಂತು ಹೇಳಿ ಅಭ್ಯಾಸ ಮಾಡಿಕೊಂಡಿದ್ದೆ. ಅವರು ಪೂರ್ತಿ ನೋಡಿದರು.

ಅಂದ್ರೆ ನಾನು ಬೀಮ್ ಕಟ್ಬೇಕು ಅಂದ್ನಾ?

ಹೂಂ.

ಸರಿಯಾಗೇ ಅಂದಿದೀನಲ್ಲೇ, ಮೂರನೇ ಮಗ್ಗದ್ದು ಇನ್ನೂ ಕಟ್ಟಿಲ್ಲ.

ನನಗೆ ನಗು ಬಂತು, ಸಿಟ್ಟೂ ಬಂತು. ಇಷ್ಟು ದಿನ ಹೊತ್ತ ಭಾರಕ್ಕೆ ಇಷ್ಟೇನಾ ಅನ್ನಿಸಿತು. ಅವರು ಅಷ್ಟಕ್ಕೇ ಬಿಟ್ಟರು. ಕ್ಷಮಿಸಿದರೋ, ಅರ್ಥವೇ ಆಗಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಹದಿನೈದು ದಿನ ಬಿಟ್ಟು ಚೆಕಪ್ಪಿಗೆ ಹೋದೆವು. ಒಪಿಡಿಯಲ್ಲಿ ಬೆಂಚು ತುಂಬ ಜನ, ಬಾಗಿಲು ತೆರೆದೇ ಇತ್ತು. ದೊಡ್ಡ ಡಾಕ್ಟರು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮಾಸ್ಕ್ ತೆಗೆದು ಮೇಜಿನ ಮೇಲಿಟ್ಟು, ಅವರ ಮುಖವನ್ನೇ ನೋಡುತ್ತಾ ಕೇಳಿದರು.

“ಹೆಂಗಿದೀರ ಯಜಮಾನ್ರೇ? ಏನಾದ್ರೂ ತೊಂದರೆ ಇದೆಯಾ?”

ನನ್ನ ಬಾಯಿ ತೆರೆದಾಗಿತ್ತು. ಚೆನ್ನಾಗಿದಾರೆ, ಊಟ ಮಾಡ್ತಾರೆ, ನಿದ್ದೆ ಬರುತ್ತೆ. ಎಲ್ಲ ಜೋಡಿಸಿಕೊಂಡಿದ್ದೆ. ಅವರು ನನ್ನ ಮಂಡಿಯ ಮೇಲೆ ಕೈ ಇಟ್ಟರು. ಆಮೇಲೆ ದನಿ ತೆಗೆದು ಮಾತಾಡಿದರು. ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆಂದು ಕಿವಿ ಕೇಳದವರಿಗೆ ಹೇಗೆ ಗೊತ್ತಾಗಬೇಕು? ಒರಟಾದ, ಬಿರುಕು ಬಿಟ್ಟ ದನಿ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

“ಉಸಿರು ಸರಿಯಾಗಿದೆ ಸ್ವಾಮಿ. ಆದ್ರೆ ಇವಳು ಅಂಗಡಿಗೆ ಅಂತ ಹೊರಗೆ ಹೋದ್ರೆ ಸಾಕು, ಕೈ ಕಟ್ಟಾಕಿದಂಗೆ ಆಗ್ತದೆ. ಒಬ್ಬನೇ ಇರಕ್ಕಾಗ್ತಿಲ್ಲ. ಬಾಗ್ಲಲ್ಲೇ ನಿಂತ್ಕೊಂಡಿರ್ತೀನಿ, ಇವಳು ಬರೋಗಂಟ.”

ಡಾಕ್ಟರು ನನ್ನ ಕಡೆ ನೋಡಿದರು. ನಾನು ಏನೂ ಹೇಳಬೇಕಾಗಿರಲಿಲ್ಲ. ಇದು ನನಗೆ ಗೊತ್ತೇ ಇರಲಿಲ್ಲ.